ಸೆಲ್ವಿಯನ್ನು ಮಾತಾಡಿಸಿದ್ದು

ನನ್ನ ಮಗ ಇವತ್ತು ಜೇಬು ತುಂಬ ರಬ್ಬರ್ ಬೀಜ ತಂದಿದ್ದ. ಬೈದು ಎಲ್ಲವನ್ನೂ ಹೊರಗೆ ಎಸೆಸಿದೆ.

ಸುಳ್ಯದ ಕಡೆಯ ನಮ್ಮ ಶಾಲೆಗೆ ಸೆಲ್ವಿ ಬಂದಾಗ ನಾನು ಐದನೇ ಕ್ಲಾಸು. ಅವಳು ರಬ್ಬರ್ ತೋಟದ ಕೆಲಸಕ್ಕೆ ಬಂದ ಸಿಲೋನಿನ ತಮಿಳರ ಹುಡುಗಿ. ಟೀಚರ್ ನನ್ನನ್ನು ಹೊರಗೆ ಕರೆದು, "ಅಲ್ಲಿ ಗಲಾಟೆಯಲ್ಲಿ ಇವಳ ಕಣ್ಣೆದುರೇ ಅಮ್ಮನನ್ನು ಕೊಂದದ್ದಂತೆ. ಮತ್ತೆ ಬಾಯಿಯೇ ಬಿಡುದಿಲ್ಲ. ನೀನು ಹತ್ತಿರ ಕೂತು ಹೇಗಾದ್ರೂ ಮಾತಾಡಿಸು, ಆಯ್ತಾ?" ಎಂದರು.

ಇಡೀ ಕ್ಲಾಸಿನಲ್ಲಿ ಆ ಕೆಲಸ ಸಿಕ್ಕಿದ್ದು ನನಗೊಬ್ಬಳಿಗೇ. ಒಂದು ವಾರ ಬೆಲ್ಲ ಕೊಟ್ಟೆ, ಹೆಸರು ಕೇಳಿದೆ, ಕಿವಿಯ ಹತ್ತಿರ ಕಿರುಚಿದೆ. ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ನನಗೆ ಸಿಟ್ಟು ಬಂತು.

ಆ ಮಧ್ಯಾಹ್ನ ಊಟ ಮುಗಿಸಿ, ರಬ್ಬರ್ ಬೀಜವೊಂದನ್ನು ಜಗಲಿಯ ಸಿಮೆಂಟಿಗೆ ಗಸಗಸ ಉಜ್ಜಿದೆ. ಉಜ್ಜಿದಷ್ಟೂ ಅದು ಕಾಯುತ್ತದೆ. ನಾವೆಲ್ಲ ಒಬ್ಬರಿಗೊಬ್ಬರು ಅದನ್ನು ತಾಗಿಸಿ ಓಡುತ್ತಿದ್ದೆವು. ಅವತ್ತು ನಾನು ಓಡಲಿಲ್ಲ. ಅವಳ ಮಣಿಕಟ್ಟು ಹಿಡಿದು, ಅಂಗೈ ಬಿಡಿಸಿ ಒತ್ತಿದೆ.

"ಮಾತಾಡು ಮಾರಾಯ್ತಿ, ಬಿಡ್ತೇನೆ."

ಮತ್ತೆ ಉಜ್ಜಿದೆ, ಅದೇ ಜಾಗಕ್ಕೆ ಒತ್ತಿದೆ. ಮೂರನೆಯ ಸಲಕ್ಕೆ ಅವಳು, "ಅಮ್ಮಾ," ಎಂದಳು.

ನಾನು ಓಡಿಹೋಗಿ ಹೇಳಿದೆ. ಟೀಚರಿಗೆ ಕಣ್ಣು ತುಂಬಿ ಬಂತು.

"ಎಂತ ಮಾಡಿದೆ ನೀನು?"

"ಜೊತೆಗೆ ಆಡಿದೆ, ಟೀಚರ್."

ಅವರು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಉಳಿದವರನ್ನು ನೋಡಿ ಸೆಲ್ವಿಯೂ ಆ ಕೈಯಲ್ಲೇ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದಳು, ನನ್ನನ್ನೇ ನೋಡುತ್ತಾ.