ಹಿಂದಿನ ಮುಚ್ಚಳ

"ಲೆನ್ಸಿಗಿ ಬೂಷ್ಟ ಹತ್ಯಾದ ತಂಗಿ, ಮುದುಕಿ ಕಣ್ಣಿಗಿ ಪೊರಿ ಬಂದಂಗ!" ಎಂದು ನಗುತ್ತ, ಹಳೆ ಕ್ಯಾಮೆರಾ ಕೊಳ್ಳಲು ಬಂದಿದ್ದ ಭಾಲ್ಕಿಯ ಫೋಟೋಗ್ರಾಫರ್ ಮಚ್ಛೇಂದ್ರ ಷಟರ್ ನೋಡಲು ರೂಢಿಯಂತೆ ಅದರ ಹಿಂದಿನ ಮುಚ್ಚಳ ತೆರೆದ. ಒಳಗೆ ರೀಲು ಇತ್ತು. ಪಟ್ಟನೆ ಮುಚ್ಚಿದ; ಅಷ್ಟರಲ್ಲಿ ಬಿಸಿಲು ಬಿದ್ದು ಅದು ಕೆಟ್ಟೇಹೋಗಿತ್ತು.

ಬರಗಾಲಕ್ಕೆ ಲಗ್ನಗಳೇ ನಿಂತು, ಸತ್ತ ಗಂಡನ ಸ್ಟುಡಿಯೋ ಮುಚ್ಚಿ ಹೈದರಾಬಾದಿಗೆ ದುಡಿಯಲು ಹೊರಟಿದ್ದ ಶಾಲುಬಾಯಿ ಒಳಗಿನಿಂದ ಚಹಾ ತಂದಳು.

"ಅದರಾಗಿನ ರೀಲು ತೊಳದ ಕೊಡ್ರಿ ಅಣ್ಣಾ. ನಮ್ಮೋರು ಔರಾದ ಊರ ಮಂದಿದೆಲ್ಲ ಫೋಟೋ ತಗದ್ರು, ತಮ್ಮದೊಂದೂ ಇಟ್ಟಿಲ್ಲ. ಕಡೀಕ ನಾನೇ ಅವರದೊಂದ ಹೊಡದೀನಿ. ತಲಿ ಕಟ್ಟಾಗಿದ್ರೂ ನಡೀತದರಿ."

ಕ್ಯಾಮೆರಾ ಬೇಡವೆಂದು ಹೇಳಿ ಬಸ್ಸು ಹಿಡಿಯಬೇಕೆಂದಿದ್ದ ಮಚ್ಛೇಂದ್ರನ ಕೈ ಆ ಮುಚ್ಚಳವನ್ನು ಬಿಗಿಯಾಗಿ ಒತ್ತಿಕೊಂಡಿತು.

"ಫೋಟೋ ಯಾವಾಗ ಬರ್ತದರಿ?"

"ಕ್ಯಾಮೆರಾ ತಗೋತೇನಿ, ತಂಗಿ," ಎಂದಷ್ಟೇ ಹೇಳಿದ.