ಎರಡು ನಂಬರಿನ ಶಾಲೆ

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಿಂದ ಕಾಗದದ ಮೇಲೆ ಪೆನ್ಸಿಲ್ ಎಳೆಯುವ ಸದ್ದು ಬಂತು. ಒಂದು ಗೆರೆ, ಸ್ವಲ್ಪ ಮೌನ, ಮತ್ತೊಂದು ಗೆರೆ. ಸೊಸೆಯದು ಮೊದಲೇ ಕೋಳಿನಿದ್ದೆ. ಎದ್ದು ಹೋಗಿ ನೋಡಿದರೆ ಅತ್ತೆ ಅವಳ ಕರಡು ಪುಟಗಳನ್ನು ಮೇಜಿನ ತುಂಬ ಹರಡಿಕೊಂಡು ಕುಳಿತಿದ್ದರು.

ಸೊಸೆ ನಗರದ ಶಾಲಾ ಮಂಡಳಿಯಲ್ಲಿ ದಾಖಲೆ ಕೊಠಡಿಯ ಗುಮಾಸ್ತೆ. ಮಂಡಳಿಗೆ ನೂರು ವರ್ಷ ತುಂಬಿತೆಂದು ಅದರ ಇತಿಹಾಸ ಬರೆಯುವ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ಬಂದರಿನ ಗೋದಾಮುಗಳಲ್ಲಿ ಹನ್ನೊಂದು ಶಾಲೆಗಳಾಗಿ ಶುರುವಾದದ್ದು ಈಗ ಇನ್ನೂರ ನಲವತ್ತಮೂರು. ಮೊದಲು ಗಿರಣಿಯವರ ಮಕ್ಕಳು, ಆಮೇಲೆ ರೈಲ್ವೆಯವರ ಮಕ್ಕಳು, ಈಗ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಮಕ್ಕಳು. ಮನೆಗಳಲ್ಲಿ ಆಡುವ ಭಾಷೆಗಳೇ ಇಪ್ಪತ್ತಾರು. ಒಂದು ಇಸವಿ ತಪ್ಪಿದರೂ ಸೊಸೆಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಅತ್ತೆಗೆ ತಿದ್ದಲು ಕೊಟ್ಟಿದ್ದಳು. ಆದರೆ ಅತ್ತೆಯ ಪೆನ್ಸಿಲ್ ನಿಂತಿದ್ದು ಬೇರೊಂದು ಹಾಳೆಯ ಮೇಲೆ.

“ಇದೇನೇ ಇದು?”

“ಅಯ್ಯೋ, ಇದರ ಜೊತೆ ಅದೂ ಬಂದುಬಿಟ್ಟಿದೆಯಾ. ಮುಚ್ಚೋ ಶಾಲೆಗಳ ಪಟ್ಟಿ ಅತ್ತೆ. ನೂರಕ್ಕಿಂತ ಕಡಿಮೆ ಮಕ್ಕಳಿದ್ರೆ ಮುಚ್ತಾರೆ. ನಾಳೆ ಸಭೆ.”

“ಒಂಬತ್ತನೇ ನಂಬರ್, ಅರವತ್ತೊಂದು ಮಕ್ಕಳು. ಒಂಬತ್ತು ಬಿ, ಐವತ್ತೆಂಟು. ಎರಡೂ ಒಂದೇ ಕಟ್ಟಡ ಕಣೇ. ಅದು ಬೆಳಿಗ್ಗೆ, ಇದು ಮಧ್ಯಾಹ್ನ.”

“ನಂಬರ್ ಎರಡಿದೆಯಲ್ಲ. ಹುಡುಗರ ಜೊತೆ ಕೂರಿಸಲ್ಲ ಅಂತ ಅಪ್ಪಂದಿರು ಹಟ ಹಿಡಿದಾಗ ಹುಡುಗಿಯರಿಗೆ ಅಂತಲೇ ಮಧ್ಯಾಹ್ನ ಬೇರೆ ಶಾಲೆ ಮಾಡಿದ್ರು. ಬರೆದಿದ್ದೀನಿ, ಹದಿನಾಲ್ಕನೇ ಪುಟ.”

“ಆ ಪುಟದಲ್ಲಿ ಒಂದು ಸಾಲು ಬಿಟ್ಟಿದ್ದೀಯ,” ಎಂದು ಅತ್ತೆ ಎದ್ದು ತಮ್ಮ ಕೋಣೆಗೆ ಹೋದರು. ಬಂದಾಗ ಕೈಯಲ್ಲಿ ಮಡಿಕೆ ಹರಿಯುತ್ತಿದ್ದ ಹಳೆಯ ಕಾಗದವಿತ್ತು. ಮೂವತ್ತು ವರ್ಷದ ಹಿಂದಿನ ಆದೇಶ: ಎರಡು ಶಾಲೆಗಳನ್ನೂ ಒಂದೇ ನಂಬರಿಗೆ ಸೇರಿಸತಕ್ಕದ್ದು, ಇಬ್ಬರು ಮುಖ್ಯಸ್ಥರೂ ಸಹಿ ಮಾಡಿ ಹಿಂದಿರುಗಿಸಿದ ಮೇಲೆ ಜಾರಿ. ಕೆಳಗೆ ಒಂದೇ ಸಹಿ. ಅದು ಆಗ ಒಂಬತ್ತು ಬಿಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಅತ್ತೆಯದಲ್ಲ.

“ಸೇರಿಸಿದ್ರೆ ಇಬ್ಬರಲ್ಲಿ ಒಬ್ಬರು ಮನೆಗೆ. ನಾನೇ ಕಿರಿಯಳು. ನಿನ್ನ ಗಂಡನಿಗೆ ಆಗ ಆರು ವರ್ಷ, ಅವನಪ್ಪ ಹೋಗಿ ವರ್ಷವೂ ತುಂಬಿರಲಿಲ್ಲ. ಎರಡು ಸಲ ನೆನಪೋಲೆ ಬಂತು. ನಾನು ಸಹಿ ಹಾಕದೆ ಇದನ್ನ ಬಚ್ಚಿಟ್ಟೆ. ಆಮೇಲೆ ಕೇಳೋ ಸಾಹೇಬರೇ ವರ್ಗ ಆಗಿ ಹೋದ್ರು.”

ಸೊಸೆ ಕುರ್ಚಿ ಎಳೆದುಕೊಂಡು ಕುಳಿತಳು. ಈ ಶಾಲೆ ಮುಚ್ಚಿದರೆ ಹತ್ತಿರದ್ದೆಂದರೆ ಹೆದ್ದಾರಿಯ ಆಚೆ, ಎರಡು ಬಸ್ಸು. ತಾಯಿ ಕೆಲಸ ಮುಗಿಸಿ ಬರುವವರೆಗೂ ಮನೆಯ ಕೂಸನ್ನು ನೋಡಿಕೊಂಡು ಮಧ್ಯಾಹ್ನದ ಪಾಳಿಗೆ ಓಡಿ ಬರುವ ಹುಡುಗಿಯರು ಅಷ್ಟು ದೂರ ಹೋಗುವ ಮಾತೇ ಇಲ್ಲ. ಪುಸ್ತಕದ ಕೊನೆಯ ಪುಟದಲ್ಲಿ, ಭಾನುವಾರ ಸನ್ಮಾನ ಮಾಡಲಿರುವ ಹಳೆಯ ಶಿಕ್ಷಕರ ಪಟ್ಟಿಯಲ್ಲಿ, ಮೂರನೆಯ ಹೆಸರು ಅತ್ತೆಯದು.

“ತಗೊಂಡು ಹೋಗಿ ನಿಮ್ಮ ಸಾಹೇಬರ ಮುಂದಿಡು,” ಎಂದರು ಅತ್ತೆ.

“ಎಲ್ಲಿತ್ತು ಅಂತ ಕೇಳ್ತಾರೆ.”

“ಕಳ್ಳಿ ಮನೇಲಿತ್ತು ಅನ್ನು.”

ಸೊಸೆ ಆದೇಶದ ಸಂಖ್ಯೆ ಮತ್ತು ತಾರೀಖನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಕಾಗದವನ್ನು ಅತ್ತೆಯ ಕೈಗೇ ಮರಳಿಸಿದಳು. ಕಚೇರಿಯ ಪ್ರತಿ ಕಚೇರಿಯಲ್ಲಿರಲೇಬೇಕು. ಇಲ್ಲದಿದ್ದರೆ ಏನು ಮಾಡುವುದೆಂದು ಬೆಳಗಿನವರೆಗೂ ಹೊರಳಾಡಿದಳು.

ಬೆಳಿಗ್ಗೆ ಏಳಕ್ಕೇ ಕೊಠಡಿಯ ಬೀಗ ತೆಗೆದಳು. ಸೀನಿ ಸೀನಿ ಮೂಗು ಕೆಂಪಾಗುವ ಹೊತ್ತಿಗೆ, ಕಟ್ಟಡ ದುರಸ್ತಿಯ ಕಡತಗಳ ನಡುವೆ ಪ್ರತಿ ಸಿಕ್ಕಿತು. ಅಂಚಿನಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಒಂಬತ್ತು ಬಿ ಮುಖ್ಯೋಪಾಧ್ಯಾಯಿನಿಯಿಂದ ಸಹಿ ಬಂದಿಲ್ಲ. ಎರಡು ಬಾರಿ ಕೇಳಿದೆ.’

ಅವಳ ಸಾಹೇಬರಾದ ಉಪನಿರ್ದೇಶಕರು ಸಭೆಗೆ ಹೊರಟು ನಿಂತಲ್ಲೇ ಓದಿದರು. “ಇದು ರದ್ದಾಗೇ ಇಲ್ಲವಲ್ರೀ. ಈಗ ಎರಡು ಪಾಳಿಗೂ ಒಬ್ಬರೇ ಹೆಡ್‌ಮೇಷ್ಟ್ರು. ಅವರೊಬ್ಬರ ಸಹಿ ಸಾಕು. ಅರವತ್ತೊಂದು, ಐವತ್ತೆಂಟು... ನೂರ ಹತ್ತೊಂಬತ್ತು.” ಪಟ್ಟಿಯ ಎರಡು ಸಾಲುಗಳನ್ನೂ ಹೊಡೆದುಹಾಕಿದರು. ಆಮೇಲೆ ಕೆಂಪು ಶಾಯಿಯ ಮೇಲೆ ಬೆರಳಿಟ್ಟರು. “ಯಾರ್ರೀ ಈಕೆ? ಇಡೀ ಮಂಡಳಿಯನ್ನೇ ಕಾಯಿಸಿದ ಗಟ್ಟಿಗಿತ್ತಿ.”

ಸೊಸೆ ಕಡತದ ದಾರ ಸರಿಪಡಿಸಿದಳು. “ಆಗಿನವರು ಸಾರ್. ನಿವೃತ್ತರಾಗಿದ್ದಾರೆ.”

“ಈ ಕಚೇರಿಯಲ್ಲಿ ಕಾಗದ ಕಳೆದದ್ದಕ್ಕೆಲ್ಲ ಆಳು ಹುಡುಕಿದ್ರೆ ಯಾರೂ ಉಳಿಯಲ್ಲ ಬಿಡಿ,” ಎಂದು ಅವರು ಕಡತ ಕಂಕುಳಿಗೆ ಸೇರಿಸಿ ನಡೆದರು.

ಸಂಜೆ ಅವಳು ಬಾಗಿಲು ತೆರೆದಾಗ ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಬೂಟು ಕಟ್ಟಿ, ಕೈಚೀಲ ಹಿಡಿದು, ಹೊಸಿಲ ಬಳಿಯ ಸ್ಟೂಲಿನ ಮೇಲೆ ಕುಳಿತಿದ್ದರು. ಎಷ್ಟು ಹೊತ್ತಿನಿಂದಲೋ.

“ನಿಮ್ಮ ಸಾಹೇಬರ ಹತ್ರ ಹೊರಟಿದ್ದೆ. ಕಾಲೇ ಏಳಲಿಲ್ಲ.”

“ನಮ್ಮ ಪ್ರತಿ ಸಿಕ್ತು ಅತ್ತೆ. ಶಾಲೆ ಉಳೀತು. ಎರಡೂ ಸೇರಿ ಒಂದು.”

ಅತ್ತೆ ಕಣ್ಣು ಮುಚ್ಚಿಕೊಂಡರು. “ಸನ್ಮಾನದ ಪಟ್ಟಿಯಿಂದ ನನ್ನ ಹೆಸರು ತೆಗೆಸು,” ಎಂದರು.

“ಪುಸ್ತಕ ಮಧ್ಯಾಹ್ನವೇ ಅಚ್ಚಿಗೆ ಹೋಯ್ತು. ಹದಿನಾಲ್ಕನೇ ಪುಟಕ್ಕೆ ಒಂದು ಸಾಲು ಸೇರಿಸಿ ಕಳಿಸಿದೆ. ಒಂದಾಯ್ತು ಅಂತ. ಅಷ್ಟೇ.”

ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಕೇಳಿತು. ಒಳಗೆ ಬಂದವನು ಇಬ್ಬರನ್ನೂ ನೋಡಿ, “ಏನಮ್ಮಾ, ಸಿಂಗಾರ ಮಾಡ್ಕೊಂಡು ಎಲ್ಲಿಗೆ ಹೋಗಿದ್ದೆ?” ಎಂದ.

ಅವನಿಗೂ ಹೇಳುವುದಿಲ್ಲ, ಇನ್ನಾರಿಗೂ ಇಲ್ಲ, ಎಂದೂ ಇಲ್ಲ ಎಂದು ಸೊಸೆ ಆ ಕ್ಷಣದಲ್ಲೇ ನಿಶ್ಚಯಿಸಿದಳು. “ಗಾಳಿ ಸೇವನೆಗೆ,” ಎಂದು ತಾನೇ ಉತ್ತರ ಕೊಟ್ಟು, ಕೆಳಗೆ ಕುಳಿತು, ಅಂದು ಹೊಸಿಲನ್ನೂ ದಾಟದ ಅತ್ತೆಯ ಬೂಟಿನ ಗಂಟು ಬಿಚ್ಚತೊಡಗಿದಳು.