ಡ್ರೈಯರ್ ಬಾಗಿಲು

"ಮಷೀನಲ್ಲಿ ಏನೂ ತೊಂದರೆ ಇಲ್ಲ ಮೇಡಂ," ಎಂದು ಮೆಕ್ಯಾನಿಕ್ ಡ್ರೈಯರ್‌ನ ಹಿಂಬದಿ ಮುಚ್ಚಿ ಎದ್ದು ನಿಂತ. "ಜಾಲರಿ ಶುಚಿಯಾಗಿದೆ, ಗಾಳಿ ಹೋಗೋ ಪೈಪೂ ಕಟ್ಟಿಲ್ಲ. ಇನ್ನು ನಡುವೆ ಯಾರಾದ್ರೂ ಬಾಗಿಲು ತೆಗೆದರೆ ಮಾತ್ರ ನಿಲ್ಲಬೇಕು."

ಸೊಸೆಗೆ ರೇಗಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಹದಿನೈದು ದಿನದಿಂದ ರಾತ್ರಿ ಪಾಳಿ ಮುಗಿಸಿ ಬಂದು, ಯೂನಿಫಾರ್ಮ್ ಒಗೆದು ಡ್ರೈಯರ್‌ಗೆ ಹಾಕಿ ಮಲಗುತ್ತಿದ್ದಳು. ಐದೇ ನಿಮಿಷಕ್ಕೆ ಅದು ನಿಂತುಬಿಡುತ್ತಿತ್ತು. "ಯಾರು ತೆಗೀತಾರೆ? ಹಗಲು ಮನೇಲಿರೋದು ನಾನು, ನಮ್ಮತ್ತೆ ಇಬ್ಬರೇ," ಎಂದವಳು ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತಿದ್ದರು.

"ನಾನೇ ಕಣೇ, ಮೆಲ್ಲಗೆ ತೆಗೆದು ಮುಚ್ಚಿಡ್ತಿದ್ದೆ. ರಾತ್ರಿಯೆಲ್ಲ ನಿಂತು ಬಂದಿರ್ತೀಯ. ಅದರ ಗಡಗಡ ಸದ್ದಿಗೆ ನಿನ್ನ ನಿದ್ದೆ ಕೆಡುತ್ತಲ್ಲ ಅಂತ. ಈಗ ಅದನ್ನ ಹಾಕಬೇಡ ಅಂದ್ರೆ ಎಲ್ಲಿ ಕೇಳ್ತೀಯ ನೀನು?"

ಸೊಸೆಯ ಕೋಪ ಜರ್ರನೆ ಇಳಿಯಿತು. ನಗಬೇಕೋ ಅಳಬೇಕೋ ತಿಳಿಯದೆ ಅತ್ತೆಯ ಕೈ ಹಿಡಿದುಕೊಂಡಳು. "ಅಯ್ಯೋ ಅತ್ತೆ, ಆ ಸದ್ದು ಕೇಳ್ತಾ ಕೇಳ್ತಾನೇ ನಂಗೆ ಕಣ್ಣು ಹತ್ತೋದು. ಅದು ನಿಂತ ತಕ್ಷಣ ಎಚ್ಚರ ಆಗಿಬಿಡುತ್ತೆ!"

ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ತಾವೇ ಬಗ್ಗಿ ಡ್ರೈಯರ್‌ನ ಬಾಗಿಲು ಹಾಕಿ, ಗುಂಡಿ ಒತ್ತಿ, "ಹಾಗಾದ್ರೆ ನಡಿ, ಮಲಗು ಹೋಗು," ಎಂದು ಸೊಸೆಯನ್ನು ಕೋಣೆಯತ್ತ ತಳ್ಳಿದರು.